ಮುಗಿಯದ ಹತ್ತೊಂಬತ್ತು ಮಷೀನುಗಳು

ಎಡಗಡೆಯ ಜಡೆ ಮುಗಿದಿತ್ತು. ಬಲಗಡೆಯ ಕೂದಲನ್ನು ಮೂರು ಎಳೆ ಮಾಡಿ ಹಿಡಿದುಕೊಂಡಿದ್ದಳಷ್ಟೆ, ಬಾಗಿಲ ಬೆಲ್ಲು ಹೊಡೆದುಕೊಂಡಿತು.

"ಅಲ್ಲಾಡಬೇಡ," ಅಂದಳು ತಾಯಿ.

"ಅಲ್ಲಾಡಿದ್ದು ನಾನಲ್ಲ, ಬೆಲ್ಲು," ಅಂದಳು ಮಗಳು.

ಒಂಬತ್ತು ವರ್ಷದ ಈ ಮಗಳಿಗೆ ಮನೆಯಲ್ಲಿ ಜೀರುಂಡೆ ಅಂತ ಹೆಸರು. ತೊಟ್ಟಿಲಲ್ಲಿದ್ದಾಗ ಒಂದೇ ಸಮನೆ ಸಣ್ಣ ದನಿಯಲ್ಲಿ ರಾಗ ಎಳೆಯುತ್ತಿದ್ದಳಂತೆ. ಈಗ ರಾಗ ಕಡಿಮೆಯಾಗಿತ್ತು, ಹೆಸರು ಮಾತ್ರ ಅಂಟಿಕೊಂಡಿತ್ತು.

ಕೈಬಿಟ್ಟರೆ ಎಳೆಗಳು ಬಿಚ್ಚಿಹೋಗುತ್ತವೆ. ಬಾಯಲ್ಲಿ ಹೇರ್‌ಪಿನ್ನು ಕಚ್ಚಿಕೊಂಡು, ಅರ್ಧ ಜಡೆಯನ್ನು ಹಿಡಿದುಕೊಂಡೇ ತಾಯಿ ಮಗಳು ರೈಲಿನ ಎಂಜಿನ್ನು ಬೋಗಿಯ ಹಾಗೆ ಬಾಗಿಲಿನವರೆಗೆ ನಡೆದರು.

ಹೊರಗೆ ಒಬ್ಬ ನಿಂತಿದ್ದ. ಎಡಗೈಯಲ್ಲಿ ಸಾಮಾನಿನ ಪೆಟ್ಟಿಗೆ, ಬಲಗೈಯಲ್ಲಿ ಫೋನು, ಕಿವಿಯ ಹಿಂದೆ ಒಂದು ಮೋಟು ಪೆನ್ಸಿಲ್ಲು. ಮೆಟ್ಟಿಲು ಹತ್ತಿ ಬಂದದ್ದಕ್ಕೋ ಸಿಟ್ಟಿಗೋ, ಮುಖ ಕೆಂಪಾಗಿತ್ತು.

"ಈ 'ಕೈಕೆಲಸ' ಅನ್ನೋ ಆಪ್ ಮಾಡೋ ಕಂಪನಿ ಇದೇನಾ?"

ಅವಳು ಹೌದೆಂದು ತಲೆಯಾಡಿಸಿದಳು.

ಅವನು ಅವಳ ಹೆಗಲ ಮೇಲಿಂದ ಒಳಗೆ ಇಣುಕಿದ. ಒಂದು ಊಟದ ಮೇಜು, ಒಲೆಯ ಮೇಲೆ ಮೊಟ್ಟೆ ಬೇಯಿಸುವ ಪಾತ್ರೆ, ಹಗ್ಗದ ಮೇಲೆ ಪುಟ್ಟ ಕಾಲುಚೀಲಗಳು. ಕಂಪನಿಯ ಲಕ್ಷಣ ಯಾವುದೂ ಕಾಣಲಿಲ್ಲ.

"ಮ್ಯಾನೇಜರ್ ಇದ್ದಾರಾ?"

"ನಾನೇ," ಅಂದಳು ಹೇರ್‌ಪಿನ್ನಿನ ಸಂದಿಯಿಂದ.

"ಪ್ರೋಗ್ರಾಂ ಬರೆಯೋರು?"

"ನಾನೇ."

"ಕಂಪ್ಲೇಂಟ್ ತಗೊಳ್ಳೋರು?"

"ಅದೂ ಅಮ್ಮನೇ," ಅಂದಳು ಜೀರುಂಡೆ, ತಲೆ ತಿರುಗಿಸಲಾಗದೆ ಗೋಡೆಯ ಕಡೆ ನೋಡುತ್ತ. "ಇಲ್ಲಿ ಇರೋದೇ ಇಬ್ಬರು. ಅದರಲ್ಲಿ ನಾನು ಸ್ಕೂಲಿಗೆ ಹೋಗಿಬಿಡ್ತೀನಿ."

ಅವನು ಬಯ್ಯಬೇಕೆಂದು ಬಂದವನು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳು ಆ ಅರ್ಧ ಜಡೆಯ ಮುಂದೆ ಎಲ್ಲೋ ಜಾರಿಹೋದವು. ಕೊನೆಗೆ ಬಹಳ ಮರ್ಯಾದೆಯಿಂದ ಹೇಳಿದ:

"ನಿನ್ನೆ ನೀವು ನನ್ನ ಹತ್ತೊಂಬತ್ತು ಕೆಲಸ ಮುಗಿಸಿಬಿಟ್ಟಿದ್ದೀರಿ. ಅದರಲ್ಲಿ ಒಂದೂ ಮುಗಿದಿರಲಿಲ್ಲ."

*

ಆಪ್ ಬಹಳ ಸರಳವಾದದ್ದು. ಚಪ್ಪಲಿ, ಗಡಿಯಾರ, ಛತ್ರಿ, ಹೊಲಿಗೆ ಮಷೀನು ರಿಪೇರಿ ಮಾಡುವ ಸಣ್ಣ ಅಂಗಡಿಗಳವರಿಗಾಗಿ ಅವಳೊಬ್ಬಳೇ ಕೂತು ಬರೆದದ್ದು. ವಸ್ತು ಬಂದಾಗ 'ಶುರು' ಒತ್ತಬೇಕು, ಆದಮೇಲೆ 'ಮುಗೀತು' ಒತ್ತಬೇಕು. ಒತ್ತಿದ ಕೂಡಲೇ ಗಿರಾಕಿಗೆ ಸುದ್ದಿ ಹೋಗುತ್ತದೆ. ಇನ್ನೂರು ಚಿಲ್ಲರೆ ಮಂದಿ ಅದನ್ನು ಬಳಸುತ್ತಿದ್ದರು. ಕೆಲವರು 'ಮುಗೀತು' ಒತ್ತಲು ಮರೆಯುತ್ತಾರೆ, ಅವರ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ ಎಂದುಕೊಂಡು ಅವಳು ಹಿಂದಿನ ದಿನ ಒಂದು ಬದಲಾವಣೆ ಮಾಡಿದ್ದಳು. ಮೂವತ್ತು ದಿನ ದಾಟಿದ ಕೆಲಸಗಳನ್ನೆಲ್ಲ ಆಪ್ ತಾನೇ ಮುಗಿಸಿಬಿಡುತ್ತದೆ.

"ಮರೆತಿರಲಿಲ್ಲ ನಾನು," ಅಂದ ಅವನು, ಮೇಜಿನ ಮುಂದೆ ಕೂತು. "ಹೊಲಿಗೆ ಮಷೀನು ನನ್ನ ಟೇಬಲ್ ಮೇಲೆ ಚೆನ್ನಾಗೇ ಓಡುತ್ತೆ. ನನ್ನ ಮುಂದೆ ಎಲ್ಲಾ ಮಷೀನೂ ಒಳ್ಳೇ ಮಕ್ಕಳೇ. ಅದು ಅವರ ಮನೇಲಿ, ಅವರ ಕಾಲಿಗೆ, ಅವರ ಬಟ್ಟೆ ಮೇಲೆ ಓಡ್ಬೇಕು. ಅದಕ್ಕೆ ಒಂದು ತಿಂಗಳು ಬಿಟ್ಟು ಹೋಗಿ ನೋಡ್ತೀನಿ. ಸರಿ ಇದ್ರೆ ಆಮೇಲೆ ಆ ಬಟನ್ನು."

"ಒಂದು ತಿಂಗಳು ಬಿಟ್ಟು," ಅಂದಳು ಅವಳು ನಿಧಾನವಾಗಿ.

"ಹೂಂ. ನೀವು ಮೂವತ್ತಕ್ಕೇ ಕತ್ತರಿ ಹಾಕಿದ್ರಿ. ಪರದೆ ಹೊಲಿಯೋ ಅಜ್ಜಿಯೊಬ್ಬರಿದ್ದಾರೆ. ಬೆಳಿಗ್ಗೆ ಆರಕ್ಕೇ ಫೋನು. 'ಮುಗಿದಿದೆ, ಧನ್ಯವಾದ ಅಂತ ಬಂದಿದೆಯಲ್ಲಪ್ಪ, ಇನ್ನು ಬರಲ್ವಾ, ನನ್ನಿಂದ ಏನು ತಪ್ಪಾಯ್ತು' ಅಂತ ಕೇಳಿದ್ರು."

ಅವಳಿಗೆ ಕಿವಿ ಬಿಸಿಯಾಯಿತು. ಜಡೆ ಕಟ್ಟಿ ಮುಗಿಸಿ, ಮಗಳನ್ನು ಕೆಳಗಿನ ಮಹಡಿಯಲ್ಲಿ ಟೈಲರ್ ಅಂಗಡಿ ಇಟ್ಟಿದ್ದ ತನ್ನ ಚಿಕ್ಕಮ್ಮನ ಜೊತೆ ಶಾಲೆಗೆ ಕಳಿಸಿ, ಕಂಪ್ಯೂಟರ್ ತೆರೆದು ಕೂತಳು. ಹಿಂದಿನ ದಿನದ ಬದಲಾವಣೆಯನ್ನು ಕಿತ್ತುಹಾಕಿ, ಹತ್ತೊಂಬತ್ತು ಕೆಲಸಗಳನ್ನೂ ಒಂದೊಂದಾಗಿ ಮತ್ತೆ ತೆರೆದು, ಹತ್ತೊಂಬತ್ತು ಮಂದಿಗೂ ತಪ್ಪಾಯಿತೆಂದು ಅವಳೇ ಬರೆಯುವುದಕ್ಕೆ ಒಂದು ಗಂಟೆ ಹಿಡಿಯಿತು.

ಅಷ್ಟು ಹೊತ್ತೂ ಅವನು ಮೇಜಿನೆದುರಿನ ಗೋಡೆ ನೋಡುತ್ತ ಕೂತಿದ್ದ. ಗೋಡೆಯ ಎಡಭಾಗದಲ್ಲಿ ಹಳದಿ ಚೀಟಿಗಳು, ಆಪ್‌ನ ತಪ್ಪುಗಳ ಪಟ್ಟಿ. ಬಲಭಾಗದಲ್ಲಿ ಬಿಳಿ ಚೀಟಿಗಳು, ಅವಳ ಸಂಶೋಧನಾ ಪ್ರಬಂಧದ ಐದು ಅಧ್ಯಾಯಗಳು. ತತ್ವಶಾಸ್ತ್ರ ಓದಿದವಳು, ಕೆಲಸ ಎಂದರೇನು ಎಂದು ಬರೆಯುತ್ತಿದ್ದಳು. ಕೆಲಸದ ಬಗ್ಗೆ ಬರೆಯುವವಳ ಕೈಯಲ್ಲಿ ಒಂದು ಕೆಲಸವಿರಬೇಕು ಅನ್ನಿಸಿ ಪ್ರೋಗ್ರಾಂ ಬರೆಯುವುದನ್ನು ಕಲಿತಿದ್ದಳು. ಮಧ್ಯಾಹ್ನದವರೆಗೆ ಹಳದಿ, ಮಧ್ಯಾಹ್ನದ ಮೇಲೆ ಬಿಳಿ, ಶಾಲೆ ಬಿಟ್ಟ ಮೇಲೆ ಜೀರುಂಡೆ. ಐದು ವರ್ಷದಿಂದ ಅವಳ ದಿನ ಹೀಗೇ ಸಾಗಿತ್ತು.

"ಇದರಲ್ಲಿ ನಿಮ್ಮ ಕೆಲಸ ಯಾವುದು?" ಅಂತ ಕೇಳಿದ ಅವನು.

ಅವಳ ಬೆರಳು ನಿಂತಿತು. ನಾಲ್ಕು ವರ್ಷದ ಹಿಂದೆ ಇದೇ ಗೋಡೆಯ ಮುಂದೆ ನಿಂತು ಗಂಡ ಹೇಳಿದ್ದ, ಯಾವುದಾದರೂ ಒಂದು ಇಟ್ಟುಕೋ. ಎರಡನ್ನೂ ಇಟ್ಟುಕೊಳ್ಳುತ್ತೇನೆ ಎಂದಿದ್ದಳು. ಅವನು ಬೇರೆ ಊರಿಗೆ ಹೊರಟುಹೋದ. ಪೆಟ್ಟಿಗೆ ಕಟ್ಟುವಾಗ ಐದು ವರ್ಷದ ಜೀರುಂಡೆ ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಎರಡೂ," ಅಂದಳು, ಸ್ವಲ್ಪ ಗಡುಸಾಗಿಯೇ. "ಯಾಕೆ, ಆಗಬಾರದಾ?"

"ಗೋಡೆ ಒಂದೇ ಇದೆಯಲ್ಲ, ಅದಕ್ಕೆ ಕೇಳಿದೆ," ಅಂದ ಅವನು. ಬಲಗಡೆಯ ಒಂದು ಚೀಟಿಗೆ ಬೆರಳು ಮಾಡಿದ. "ಆದ್ರೆ ಇದು ತಪ್ಪಾಗಿದೆ."

ಚೀಟಿಯಲ್ಲಿ ಮೂರನೇ ಅಧ್ಯಾಯದ ತಿರುಳಿತ್ತು: ವಸ್ತು ಮಾಡಿದವನ ಕೈಬಿಟ್ಟ ಕ್ಷಣವೇ ಕೆಲಸದ ಕೊನೆ.

ಪ್ರಬಂಧ ಕೊಡಲು ಹತ್ತು ವಾರ ಉಳಿದಿತ್ತು. ಅವಳು ಆ ಚೀಟಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅವನನ್ನು ನೋಡಿದಳು.

"ನೀವು ಮಷೀನು ನೋಡೋಕೆ ಹೋಗೋದು ಯಾವ ವಾರ?"

"ಗುರುವಾರ."

"ನಾನೂ ಬರ್ತೀನಿ."

*

"ಇದು ಯಾವ ಸೀಮೆ ಸಂಶೋಧನೆನೇ?" ಅಂದಳು ಚಿಕ್ಕಮ್ಮ ಮೊದಲ ಗುರುವಾರ, ಅಂಗಡಿಯ ಬಾಗಿಲಲ್ಲಿ ನಿಂತು. "ನೀನು ಇಸ್ತ್ರಿಪೆಟ್ಟಿಗೆ ಮುಟ್ಟಿ ಮೂರು ವರ್ಷ ಆಗಿತ್ತು. ಇವತ್ತು ಕಾಲರಿನ ಗೆರೆ ಬೆರಳು ಕುಯ್ಯೋ ಹಾಗಿದೆ."

"ಸುಕ್ಕು ಇತ್ತು ಚಿಕ್ಕಮ್ಮ."

"ಸುಕ್ಕು ಮೂರು ವರ್ಷದಿಂದಲೂ ಇತ್ತಲ್ಲ. ಹೋಗು, ಹೋಗು. ಕಿವಿ ಡಾಕ್ಟರು ಕಾಯ್ತಿದ್ದಾರೆ."

ಕಿವಿ ಡಾಕ್ಟರು ಅನ್ನುವುದು ಟೈಲರುಗಳೆಲ್ಲ ಸೇರಿ ಅವನಿಗಿಟ್ಟ ಹೆಸರು. ಆ ಹೆಸರು ಯಾಕೆ ಬಂತೆಂದು ಪರದೆ ಹೊಲಿಯುವ ಅಜ್ಜಿಯ ಕೋಣೆಯಲ್ಲಿ ಅವಳಿಗೆ ಗೊತ್ತಾಯಿತು. ಅವನು ಮಷೀನನ್ನು ಬಿಚ್ಚಲಿಲ್ಲ, ಮುಟ್ಟಲೂ ಇಲ್ಲ. ಅಜ್ಜಿಗೆ ಹೊಲಿಯಲು ಹೇಳಿ, ಕುರ್ಚಿ ಎಳೆದುಕೊಂಡು, ಮೇಜಿನ ಹಲಗೆಗೆ ಕಿವಿ ಇಟ್ಟು ಕಣ್ಣು ಮುಚ್ಚಿದ.

ಕಣ್ಣು ಮುಚ್ಚಿದ ಮನುಷ್ಯನನ್ನು ನೋಡುವುದರಲ್ಲಿ ಒಂದು ಅನುಕೂಲವಿದೆ. ಅವಳು ನೋಡಿದಳು. ಸೂಜಿ ನೆಟ್ಟಗೆ ಇಳಿಯುವಾಗ ಹಣೆ ಸಡಿಲವಾಗುತ್ತಿತ್ತು. ದಾರ ಎಲ್ಲೋ ಒಂದಿಷ್ಟು ಬಿಗಿಯಾದರೆ ಎಡಗಡೆಯ ಹುಬ್ಬು ಕೂದಲೆಳೆಯಷ್ಟು ಮೇಲೇಳುತ್ತಿತ್ತು. ರೆಪ್ಪೆ ಇಷ್ಟು ಉದ್ದ ಇರುವುದು ಗಂಡಸರಿಗೆ ಏತಕ್ಕೆ ಎಂದು ಅವಳು ಯೋಚಿಸುತ್ತಿರುವಾಗಲೇ ಆ ರೆಪ್ಪೆ ತೆರೆಯಿತು.

"ಬರ್ಕೊಂಡ್ರಾ?"

"ಏನನ್ನ?"

"ನೋಡ್ತಿದ್ರಲ್ಲ, ಅದನ್ನ."

ಅವಳು ನೋಟ್‌ಬುಕ್ಕಿನೊಳಗೆ ಮುಖ ಹುದುಗಿಸಿದಳು. ಅಜ್ಜಿ ಪೆಡಲು ತುಳಿಯುವುದನ್ನು ನಿಲ್ಲಿಸದೆ ನಕ್ಕರು.

"ಬನ್ನಿ, ನೀವೂ ಕೇಳಿ," ಅಂದ ಅವನು. "ಬರೀ ನೋಡಿದ್ರೆ ಬರೆಯೋಕಾಗಲ್ಲ."

ಮೇಜಿನ ಆ ಕಡೆ ಅವನ ಮುಖ, ಈ ಕಡೆ ಅವಳದು. ನಡುವೆ ಒಂದು ಗೇಣು ಹಲಗೆ. ಕಿವಿಯೊಳಗೆ ಮಷೀನು ಕುದುರೆಯ ಹಾಗೆ ಓಡುತ್ತಿತ್ತು.

"ಟಕ್ ಟಕ್ ಮಧ್ಯೆ ಒಂದು ಸಣ್ಣ ಉಸಿರು ಕೇಳಿಸ್ತಿದೆಯಾ?"

"ಹೂಂ, ಕೇಳಿಸ್ತಿದೆ."

"ಅದು ಮಷೀನಲ್ಲ. ನೀವು."

ಹಲಗೆಯ ಮೇಲೆ ಕೆನ್ನೆಯಿಟ್ಟುಕೊಂಡೇ ಅವಳು ನಕ್ಕುಬಿಟ್ಟಳು. ನಗು ಹಲಗೆಯೊಳಗೆ ಹಾದು ಅವನ ಕಿವಿಗೆ ಮುಟ್ಟಿರಬೇಕು. ಅವನ ಎಡಹುಬ್ಬು ಮೇಲೆದ್ದಿತು, ಬಹಳ ಹೊತ್ತು ಕೆಳಗಿಳಿಯಲಿಲ್ಲ.

ನಾಲ್ಕು ಗುರುವಾರ ಹೀಗೆ ಕಳೆದವು. ಮನೆಯಿಂದ ಮನೆಗೆ ನಡೆಯುತ್ತ ಅವನು ಅವಳ ಪ್ರಶ್ನೆಗಳಿಗೆ ಉತ್ತರ ಹೇಳಿದ, ಒಂದೆರಡು ಸಲ ಅವಳ ಚೀಲ ಹೊತ್ತ, ಒಂದು ಸಲ ರಸ್ತೆ ದಾಟುವಾಗ ಮೊಣಕೈ ಹಿಡಿದವನು ಆ ಬದಿ ಸೇರಿದ ಮೇಲೂ ಬಿಡಲು ಮರೆತ.

ಐದನೆಯ ವಾರದ ಒಂದು ಸಂಜೆ ಜೀರುಂಡೆ ಅಡುಗೆಮನೆಯ ನೆಲದ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ಅಮ್ಮನ ನೋಟ್‌ಬುಕ್ ಓದುತ್ತಿದ್ದಳು.

"'ಪೆನ್ಸಿಲ್ ಯಾವಾಗಲೂ ಎಡಗಿವಿಯ ಹಿಂದೆ. ಬಲಗಿವಿ ಕೇಳುವುದಕ್ಕೆ ಖಾಲಿ.' ಇದು ಯಾವ ಅಧ್ಯಾಯಕ್ಕಮ್ಮ?"

"ಅಡಿಟಿಪ್ಪಣಿಗೆ."

"'ನಗುವಾಗ ಮೊದಲು ಕಣ್ಣು, ಆಮೇಲೆ ಬಾಯಿ.' ಇದೂ ಅಡಿಟಿಪ್ಪಣಿನಾ?"

"ಕೊಡಿಲ್ಲಿ," ಅಂದಳು ತಾಯಿ, ತರಕಾರಿ ಹೆಚ್ಚುವ ಚಾಕು ಕೆಳಗಿಟ್ಟು.

ಜೀರುಂಡೆ ನೋಟ್‌ಬುಕ್ ಕೊಟ್ಟಳು. ಎದ್ದು ಕೂತಳು. "ಅಮ್ಮ, ಒಂದು ಕೇಳ್ಲಾ?"

"ಕೇಳು ಮರಿ."

ಹುಡುಗಿ ತನ್ನ ಕಾಲ್ಬೆರಳುಗಳನ್ನು ಎಣಿಸುವವಳ ಹಾಗೆ ಕೆಳಗೆ ನೋಡಿದಳು. ತುಟಿ ತೆರೆಯಿತು, ಮುಚ್ಚಿತು. "ಏನಿಲ್ಲ. ನಾಳೆಗೆ ಡ್ರಾಯಿಂಗ್ ಶೀಟ್ ಬೇಕು."

*

ಮಾರ್ಗದರ್ಶಕಿಯಾಗಿದ್ದ ಪ್ರೊಫೆಸರ್ ಮೇಡಂ ಫೋನಿನಲ್ಲಿ ಸುತ್ತಿಬಳಸಿ ಮಾತಾಡುವವರಲ್ಲ.

"ಒಬ್ಬ ರಿಪೇರಿಯವನಿಗೋಸ್ಕರ ಮೂರನೇ ಅಧ್ಯಾಯ ಪೂರ್ತಿ ಕೆಡವ್ತೀಯಾ? ಅದನ್ನೊಂದು ಅಪವಾದ ಅಂತ ಬರೆದು ಮುಂದಕ್ಕೆ ಹೋಗು."

"ಅಪವಾದ ಅಲ್ಲ ಮೇಡಂ. ಅವರನ್ನ ನೋಡಿದ ಮೇಲೆ ಉಳಿದವರನ್ನೂ ಕೇಳಿದೆ. ಗಡಿಯಾರದವರು, ಛತ್ರಿಯವರು, ಎಲ್ಲರೂ ಹಾಗೇ ಮಾಡ್ತಾರೆ. ನನ್ನ ಆಪ್‌ನಲ್ಲಿ ಅದನ್ನ ಬರೆಯೋಕೆ ಜಾಗ ಇರಲಿಲ್ಲ, ಅದಕ್ಕೆ ನನಗೆ ಕಾಣಿಸಿರಲಿಲ್ಲ."

"ಆಯ್ತು. ಆರು ವಾರ ಇದೆ. ಅಲ್ಲಿಗೆ ತಪ್ಪಿದ್ರೆ ನಿನ್ನ ಹೆಸರು ತೆಗೀತಾರೆ, ಇನ್ನೊಂದು ಸಲ ಅವಧಿ ಸಿಗಲ್ಲ. ಅಲ್ಲಿ ತನಕ ಆ ಆಪ್‌ನ ಪಕ್ಕಕ್ಕಿಡು."

"ಪಕ್ಕಕ್ಕಿಟ್ರೆ ಬರೆಯೋಕೆ ನನ್ನ ಹತ್ರ ಏನೂ ಇರಲ್ಲ," ಅಂದಳು ಅವಳು. "ಎರಡೂ ಮಾಡಿಯೇ ಮುಗಿಸ್ತೀನಿ."

ಆ ವಾರದ ಗುರುವಾರ ನಡೆಯುತ್ತ ನಡೆಯುತ್ತ ಅವನಿಗೆ ಇದನ್ನೆಲ್ಲ ಹೇಳಿದಳು. ದಿನಕ್ಕೆ ಹತ್ತಿಪ್ಪತ್ತು ಕಂಪ್ಲೇಂಟು ಬರುತ್ತವೆ, ಮಧ್ಯಾಹ್ನದವರೆಗೂ ಅದೇ ಆಗುತ್ತದೆ ಎಂದಳು. ಅವನು ಕಿವಿಯ ಹಿಂದಿನ ಪೆನ್ಸಿಲ್ಲನ್ನು ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿಕೊಂಡ.

ಮರುದಿನದಿಂದ ಕಂಪ್ಲೇಂಟುಗಳು ನಿಂತವು. ಮೊದಲು ಅವಳಿಗೆ ಸಂತೋಷವಾಯಿತು. ಬೆಳಿಗ್ಗೆಯೂ ಬಿಳಿ ಚೀಟಿ, ಮಧ್ಯಾಹ್ನವೂ ಬಿಳಿ ಚೀಟಿ. ನಾಲ್ಕನೇ ದಿನ ಅನುಮಾನ ಶುರುವಾಯಿತು. ಒಂಬತ್ತನೇ ದಿನ ಕೆಳಗಿಳಿದು ಚಿಕ್ಕಮ್ಮನ ಅಂಗಡಿಗೆ ಹೋದಳು.

"ಆಪ್ ಸರಿಯಾಗಿ ನಡೀತಿದೆಯಾ ಚಿಕ್ಕಮ್ಮ?"

ಚಿಕ್ಕಮ್ಮನ ಬಾಯಿತುಂಬ ಗುಂಡುಸೂಜಿ. "ಮ್," ಅಂದಳು. ಅದು ಹೌದೋ ಅಲ್ಲವೋ ತಿಳಿಯಲಿಲ್ಲ.

"ಸೂಜಿ ತೆಗೆದು ಹೇಳು."

ಚಿಕ್ಕಮ್ಮ ಒಂದೊಂದೇ ಸೂಜಿ ತೆಗೆದು ಬಟ್ಟೆಗೆ ಚುಚ್ಚಿದಳು, ಎಷ್ಟು ನಿಧಾನವಾಗಿ ಸಾಧ್ಯವೋ ಅಷ್ಟು. "ಎಲ್ಲಿ ನಡೀತಿದೆ? ಒಂದು ವಾರದಿಂದ ಎಲ್ಲರಿಗೂ ಎರಡೆರಡು ಸಲ ಮೆಸೇಜ್ ಹೋಗ್ತಿದೆ. ಗಿರಾಕಿಗಳು ಬಂದು ನನ್ನ ಪ್ರಾಣ ತಿಂತಿದ್ದಾರೆ."

"ಮತ್ತೆ ಹೇಳ್ಲಿಲ್ಲ ಯಾಕೆ?"

"ಕಿವಿ ಡಾಕ್ಟರು ಹೇಳ್ಬೇಡಿ ಅಂದ್ರಮ್ಮ. ಅಂಗಡಿ ಅಂಗಡಿಗೂ ಹೋಗಿ ಮಾತು ತಗೊಂಡಿದ್ದಾರೆ, ಉಳಿದವರಿಗೆ ಫೋನ್ ಮಾಡಿದ್ದಾರೆ. ನೀನು ಬರೆದು ಮುಗಿಸೋ ತನಕ ಯಾರೂ ತೊಂದರೆ ಕೊಡಬಾರದು ಅಂತ. ಎಷ್ಟು ಒಳ್ಳೇ ಮನಸ್ಸು ನೋಡು."

ಅವಳು ಆಗಲೇ ಬೀದಿಗೆ ಇಳಿದಿದ್ದಳು.

*

ಅವನ ಅಂಗಡಿ ಒಂದೇ ಕೋಣೆಯದು. ಬಿಚ್ಚಿದ ಮಷೀನುಗಳ ನಡುವೆ ಅವನು ಕೂತಿದ್ದ. ಅವಳನ್ನು ಕಂಡು ಮೊದಲು ಕಣ್ಣು ನಕ್ಕಿತು. ಬಾಯಿ ನಗುವಷ್ಟರಲ್ಲಿ ಅವಳ ಮುಖ ನೋಡಿ ನಿಂತುಹೋಯಿತು.

"ನನ್ನ ಕಂಪ್ಲೇಂಟ್‌ಗಳನ್ನ ನಿಲ್ಲಿಸಿದ್ದು ನೀವಾ?"

"ನಿಮಗೆ ಸ್ವಲ್ಪ ಸಮಯ ಸಿಗಲಿ ಅಂತ..."

"ನಾನು ಕೇಳಿದ್ನಾ?"

"ಇಲ್ಲ."

"ನನ್ನ ಗಂಡ ಒಂದನ್ನ ಬಿಡು ಅಂತ ಬಾಯಿಬಿಟ್ಟು ಕೇಳಿದ. ಅವನಿಗೆ ಆಗಲ್ಲ ಅಂತ ಹೇಳೋಕಾದ್ರೂ ಆಯ್ತು. ನೀವು ಕೇಳ್ಲೂ ಇಲ್ಲ. ನೀವೇ ಬಿಡಿಸಿಬಿಟ್ರಿ."

ಅವನ ಕೈಯಲ್ಲಿ ಸ್ಕ್ರೂಡ್ರೈವರ್ ಹಾಗೇ ಇತ್ತು. "ನಾನು ಒಳ್ಳೇದಕ್ಕೆ ಅಂತ ಮಾಡ್ದೆ."

"ಗೊತ್ತು. ನಿಮ್ಮ ಹತ್ತೊಂಬತ್ತು ಮಷೀನು ಮುಗಿಸಿದಾಗ ನಾನೂ ಒಳ್ಳೇದಕ್ಕೇ ಮಾಡಿದ್ದೆ. ಪಟ್ಟಿ ಹಗುರಾಗಲಿ ಅಂತ."

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. ನೆಪ ಹುಡುಕಲು ಹೋಗಲಿಲ್ಲ. ಅದೊಂದಕ್ಕೆ ಅವಳು ಒಳಗೊಳಗೇ ಕೃತಜ್ಞಳಾದಳು. ಆದರೂ ಬಾಗಿಲಲ್ಲಿ ನಿಂತು ಹೇಳಿದಳು, "ಈ ಗುರುವಾರ ಬರಲ್ಲ ನಾನು."

ಅಂದೇ ಮಧ್ಯಾಹ್ನ ಎರಡೆರಡು ಸಲ ಹೋಗುತ್ತಿದ್ದ ಮೆಸೇಜನ್ನು ಸರಿಮಾಡಿದಳು. ಮರುದಿನ ಬೆಳಿಗ್ಗೆ ಎದ್ದು ಬಟ್ಟೆ ಒಗೆದು, ಮಗಳಿಗೆ ಊಟದ ಡಬ್ಬಿ ಕಟ್ಟಿ, ಮೂರನೇ ಅಧ್ಯಾಯದ ಮೊದಲ ಪುಟದಿಂದ ಶುರುಮಾಡಿದಳು. ಕಣ್ಣಲ್ಲಿ ನೀರು ಬಂದರೆ ಒರೆಸಿಕೊಂಡು ಬರೆದಳು. ಬೇಳೆ ತಳ ಹಿಡಿದರೆ ಪಾತ್ರೆ ನೆನೆಹಾಕಿ ಬಂದು ಬರೆದಳು. ಕಂಪ್ಲೇಂಟು ಕಳಿಸಬಹುದೆಂದು ಎಲ್ಲರಿಗೂ ತಿಳಿಸಿದ್ದಳು. ಬರುತ್ತಿದ್ದವು ಮಾತ್ರ ಒಂದೋ ಎರಡೋ, ಅವೂ ಕ್ಷಮೆ ಕೇಳಿಕೊಂಡು. ತೊಂದರೆ ಕೊಡುತ್ತಿದ್ದೇವೆ ಎಂಬ ಭಯ ಜನರ ಮನಸ್ಸಿನಿಂದ ಹೋಗಿರಲಿಲ್ಲ.

ಎರಡು ಗುರುವಾರ ಖಾಲಿಯಾಗಿ ಕಳೆದವು.

"ಕಿವಿ ಡಾಕ್ಟರು ಯಾಕೆ ಬರ್ತಿಲ್ಲ?" ಅಂತ ಜೀರುಂಡೆ ಕೇಳಿದಳು, ಹಾಲಿನ ಲೋಟ ಎರಡೂ ಕೈಯಲ್ಲಿ ಹಿಡಿದುಕೊಂಡು.

"ನಾನೇ ಬೇಡ ಅಂದೆ."

"ನಿನ್ನ ಕೆಲಸಕ್ಕಾ?"

"ಹೂಂ ಮರಿ. ಕೆಲಸದ ವಿಷಯಕ್ಕೇ."

ಹುಡುಗಿ ಲೋಟ ಕೆಳಗಿಟ್ಟಳು. ಮುಖದಲ್ಲಿ ಏನೋ ಒಂದು ಬಂದು ಹೋಯಿತು. ತಾಯಿ ಅದನ್ನು ಕಂಡಳು, ಏನೆಂದು ಕೇಳಬೇಕೆಂದುಕೊಂಡಳು. ಅಷ್ಟರಲ್ಲಿ ಜೀರುಂಡೆ, "ಹಾಲು ತಣ್ಣಗಾಗಿದೆ," ಅಂದು ಎದ್ದುಹೋದಳು.

*

ಇನ್ನು ಮೂರು ವಾರ ಇರುವಾಗ, ಒಂದು ಶನಿವಾರ ಹಗಲು, ಬೆಲ್ಲು ಆಯಿತು. ಅವನು ಸಾಮಾನಿನ ಪೆಟ್ಟಿಗೆಯಿಲ್ಲದೆ ಬಂದಿದ್ದ. ಕೈಯಲ್ಲಿ ಒಂದು ಶಾಲೆಯ ನೋಟ್‌ಬುಕ್ಕಿತ್ತು.

"ಇವು ನಿಮ್ಮವು. ನಾನು ತಡೆದಿಟ್ಟಿದ್ದು," ಅಂದ. "ಮತ್ತೆ ಎಲ್ಲರ ಹತ್ರಾನೂ ಹೋದೆ. ತಪ್ಪು ನಂದು ಅಂತ ಹೇಳ್ದೆ. ಯಾರು ಏನಂದ್ರೋ ಅವರ ಮಾತಲ್ಲೇ ಬರ್ಕೊಂಡು ಬಂದಿದ್ದೀನಿ."

ಅವಳು ಹೊಸ್ತಿಲಲ್ಲೇ ನಿಂತು ತೆರೆದಳು. ಗುಂಡಗಿನ ಅಕ್ಷರ, ಒಂದೊಂದಕ್ಕೂ ನಂಬರು.

ಚಪ್ಪಲಿಯವನು: ಬಟನ್ ಸಣ್ಣದು, ನನ್ನ ಹೆಬ್ಬೆರಳು ದೊಡ್ಡದು. ಎರಡರಲ್ಲಿ ಒಂದನ್ನು ಬದಲಾಯಿಸಿ.

ಗಡಿಯಾರದವನು: ಆಪ್ ತೋರಿಸುವ ಸಮಯ ಎರಡು ನಿಮಿಷ ಹಿಂದಿದೆ. ನನ್ನ ಅಂಗಡಿಯಲ್ಲಿ ಕೂತು ಇದನ್ನು ನೋಡುವುದು ನನಗೆ ಅವಮಾನ.

ಛತ್ರಿಯವಳು: ಕಂಪ್ಲೇಂಟ್ ಏನಿಲ್ಲ. ಆದರೆ ನೀವು ಉತ್ತರ ಬರೆಯುವುದು ಓದಲು ಚೆನ್ನಾಗಿರುತ್ತದೆ, ಅದಕ್ಕೇ ಇದು.

ಅವಳ ತುಟಿ ಅಂಚಿನಲ್ಲಿ ನಗು ಬಂದು ನಿಂತಿತು. ಒಟ್ಟು ಅರವತ್ಮೂರು ಇದ್ದವು. ಅರವತ್ನಾಲ್ಕನೆಯದರ ಮುಂದೆ 'ಹೊಲಿಗೆ ಮಷೀನಿನವನು' ಅಂತ ಇತ್ತು. ಕೆಳಗೆ ಬರೆದಿತ್ತು: ಗುರುವಾರ ಖಾಲಿ ಬಿದ್ದಿದೆ. ಮಷೀನಿಗೆ ಕಿವಿ ಕೊಟ್ಟರೆ ಮಷೀನಿನ ಸದ್ದು ಮಾತ್ರ ಕೇಳುತ್ತದೆ. ಇದಕ್ಕೆ ಯಾವ ಬಟನ್ ಒತ್ತಬೇಕೋ ಗೊತ್ತಾಗುತ್ತಿಲ್ಲ.

ಅವಳು ಆ ಸಾಲನ್ನು ಎರಡು ಸಲ ಓದಿದಳು. ಅವನು ಬಾಗಿಲ ಚೌಕಟ್ಟಿನ ಮೊಳೆಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದ.

"ಅರವತ್ನಾಲ್ಕನೆಯದು ಆಪ್‌ಗೆ ಸಂಬಂಧಪಟ್ಟದ್ದಲ್ಲ," ಅಂದಳು.

"ಹಾಗಾದ್ರೆ ಬಲಗಡೆ ಹಾಕಿ."

"ಸಂಶೋಧನೆಗೂ ಸಂಬಂಧಪಟ್ಟದ್ದಲ್ಲ."

"ಮತ್ತೆ ಯಾವುದಕ್ಕೆ?"

ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವನು ಒಳಗೆ ಬಂದು, ಕೂರದೆ, ಮೇಜಿನ ಅಂಚು ಹಿಡಿದು ನಿಂತ.

"ಏನು ಸಹಾಯ ಮಾಡಲಿ ಅಂತ ಈ ಸಲ ಕೇಳ್ತಿದ್ದೀನಿ. ಏನೂ ಬೇಡ ಅಂದ್ರೆ ಅದನ್ನೂ ಮಾಡ್ತೀನಿ."

ಅವಳು ಹೊಸದಾಗಿ ಬರೆದ ಮೂರನೇ ಅಧ್ಯಾಯವನ್ನು ಅವನ ಮುಂದಿಟ್ಟಳು. "ಓದಿ. ತಪ್ಪಿರೋ ಕಡೆ ಗೆರೆ ಹಾಕಿ. ಮುಲಾಜು ಬೇಡ."

ಅವನು ಎರಡು ಗಂಟೆ ಓದಿದ, ತುಟಿ ಅಲ್ಲಾಡಿಸುತ್ತ. ಅವಳು ಎದುರಿಗೆ ಕೂತು ಚಪ್ಪಲಿಯವನ ಬಟನ್ ದೊಡ್ಡದು ಮಾಡಿದಳು. ನಡುವೆ ಒಮ್ಮೆ ಎದ್ದು ಚಹಾ ಮಾಡಿದಳು. ಕೆಲಸ ಮಾಡುವಾಗ ಎದುರಿಗೆ ಇನ್ನೊಬ್ಬರಿದ್ದೂ ನಿರಾಳವಾಗಿ ಇರುವುದು ಎಷ್ಟು ವರ್ಷದ ಮೇಲೆ ಎಂದು ಅವಳಿಗೆ ಲೆಕ್ಕ ಸಿಗಲಿಲ್ಲ.

ಕೊನೆಗೆ ಅವನು ಒಂದೇ ಒಂದು ಗೆರೆ ಎಳೆದ. "ಇಲ್ಲಿ, ಗಿರಾಕಿಗೋಸ್ಕರ ಹೋಗಿ ನೋಡ್ತಾನೆ ಅಂತ ಬರ್ದಿದ್ದೀರಿ. ಅಷ್ಟು ಒಳ್ಳೆಯವನಲ್ಲ ನಾನು. ನನಗೋಸ್ಕರ ಹೋಗ್ತೀನಿ. ನಾನು ಮಾಡಿದ್ದು ನಾನಿಲ್ಲದ ಕಡೆ ಹೇಗಿದೆ ಅಂತ ಗೊತ್ತಾಗ್ಬೇಕು. ಇಲ್ಲದಿದ್ರೆ ಮನಸ್ಸು ಅಲ್ಲೇ ಕೂತಿರುತ್ತೆ."

ಅವಳು ಪುಟವನ್ನು ತನ್ನ ಕಡೆಗೆ ಎಳೆದುಕೊಂಡಳು. ಇಡೀ ಅಧ್ಯಾಯ ಕಾಯುತ್ತಿದ್ದ ವಾಕ್ಯ ಅದೇ ಆಗಿತ್ತು. ಪೆನ್ನು ಹುಡುಕಿದಳು, ಸಿಗಲಿಲ್ಲ. ಕೈಚಾಚಿ ಅವನ ಕಿವಿಯ ಹಿಂದಿನ ಪೆನ್ಸಿಲ್ಲನ್ನೇ ತೆಗೆದುಕೊಂಡು ಬರೆಯತೊಡಗಿದಳು. ಅವಳ ಬೆರಳು ತಗುಲಿದ ಕಿವಿ ಸಂಜೆಯವರೆಗೂ ಕೆಂಪಗಿತ್ತು.

*

ಪ್ರಬಂಧವನ್ನು ಕೊನೆಯ ದಿನ ಮಧ್ಯಾಹ್ನ ಮೂರಕ್ಕೆ ಕೊಟ್ಟಳು. ಅದೇ ದಿನ ಬೆಳಿಗ್ಗೆ ಆಪ್‌ನ ಹೊಸ ಆವೃತ್ತಿಯೂ ಹೊರಬಿದ್ದಿತ್ತು. 'ಶುರು', 'ಮುಗೀತು' ಎರಡರ ನಡುವೆ ಈಗ ಇನ್ನೊಂದು ಬಟನ್ನು: 'ಹೋಗಿ ನೋಡಬೇಕು'. ಪ್ರೊಫೆಸರ್ ಮೇಡಂ ಮೂರನೇ ಅಧ್ಯಾಯ ತಿರುವಿ, "ಕೆಡವಿದ್ದು ಒಳ್ಳೇದಾಯ್ತು ಅಂತ ನಾನು ಬಾಯಿಬಿಟ್ಟು ಹೇಳಲ್ಲ," ಅಂದು ಸಹಿ ಹಾಕಿದ್ದರು.

ಮನೆಗೆ ಬಂದಾಗ ಅಡುಗೆಮನೆಯಲ್ಲಿ ಅವನೂ ಜೀರುಂಡೆಯೂ ಸೂಪು ಮಾಡುತ್ತಿದ್ದರು. ಏನು ಮಾಡಲಿ ಎಂದು ಅವನು ಬೆಳಿಗ್ಗೆಯೇ ಫೋನು ಮಾಡಿ ಕೇಳಿದ್ದ, ಅವಳು ಇದನ್ನೇ ಹೇಳಿದ್ದಳು. ಹುಡುಗಿ ಕುರ್ಚಿಯ ಮೇಲೆ ನಿಂತು ಉಪ್ಪಿನ ಅಧಿಕಾರ ವಹಿಸಿಕೊಂಡಿದ್ದಳು.

"ಸಾಕು, ಸಾಕು. ಸಮುದ್ರ ಮಾಡ್ಬೇಡ," ಅಂತ ಅವನು ಹೇಳುತ್ತಿದ್ದ.

ಮೂವರೂ ಮೇಜಿಗೆ ಕೂತರು. ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಅವಳು ಬ್ರೆಡ್ಡು ಮುರಿದು ತಟ್ಟೆಗಳಿಗೆ ಹಾಕಿದಳು, ಚಮಚ ಕೈಗೆತ್ತಿಕೊಂಡು ಕೆಳಗಿಟ್ಟಳು. ದಾರಿಯಲ್ಲಿ ನಿರ್ಧಾರ ಮಾಡಿಕೊಂಡೇ ಬಂದಿದ್ದಳು. ಇನ್ನು ತಡ ಮಾಡಿದರೆ ಸೂಪಿನ ಜೊತೆ ಮಾತೂ ಆರಿಹೋಗುತ್ತದೆ.

"ಅರವತ್ನಾಲ್ಕನೇ ಕಂಪ್ಲೇಂಟ್‌ಗೆ ಉತ್ತರ ಕೊಟ್ಟಿರಲಿಲ್ಲ," ಅಂದಳು.

ಅವನ ಚಮಚ ನಿಂತಿತು.

"ನನಗೂ ಗುರುವಾರ ಖಾಲಿ ಬಿದ್ದಿತ್ತು. ಗುರುವಾರ ಮಾತ್ರ ಅಲ್ಲ. ನಿಮ್ಮನ್ನ ಕಂಡ್ರೆ ನನಗೆ ಇಷ್ಟ. ನೋಟ್‌ಬುಕ್ ತುಂಬ ಅದನ್ನೇ ಬರ್ದಿದ್ದೀನಿ, ಬೇಕಾದ್ರೆ ಇವಳನ್ನ ಕೇಳಿ."

"ಅಡಿಟಿಪ್ಪಣಿ," ಅಂದಳು ಜೀರುಂಡೆ ಮೆಲ್ಲಗೆ.

ಮೊದಲು ಅವನ ಕಣ್ಣು ನಕ್ಕಿತು. "ಹಲಗೆಗೆ ಕಿವಿ ಇಟ್ಟ ದಿನವೇ ನನಗೆ ಕೇಳಿಸಿತ್ತು, ನನ್ನದೇ ಎದೆ," ಅಂದ. "ಯಾವ ಮಷೀನೂ ಅಷ್ಟು ಗಲಾಟೆ ಮಾಡಿದ್ದಿಲ್ಲ. ನನಗೂ ನೀವು ಬೇಕು. ನೀವಿಬ್ಬರೂ."

"ಆದ್ರೆ ಎರಡರಲ್ಲಿ ಒಂದನ್ನೂ ನಾನು ಬಿಡಲ್ಲ," ಅಂದಳು ಅವಳು. "ನಾಳೆಯಿಂದ ಹೊಸ ಬಟನ್ನಿನ ಕಂಪ್ಲೇಂಟ್ ಬರುತ್ತೆ. ಪ್ರಬಂಧವನ್ನ ಪುಸ್ತಕ ಮಾಡ್ಬೇಕು. ಇದು ಮುಗಿಯೋದಲ್ಲ."

"ಗೊತ್ತು," ಅಂದ ಅವನು.

"ಅಪ್ಪನಿಗೂ ಗೊತ್ತಿತ್ತು."

ಜೀರುಂಡೆ ಅದನ್ನು ತಟ್ಟೆಯನ್ನು ನೋಡುತ್ತಲೇ ಹೇಳಿದಳು. ಬ್ರೆಡ್ಡಿನ ಬುಟ್ಟಿಯ ಮೇಲೆ ತಾಯಿಯ ಕೈ ಹಾಗೇ ನಿಂತಿತು. ಇಷ್ಟು ದಿನ ಡ್ರಾಯಿಂಗ್ ಶೀಟಾಗಿ, ತಣ್ಣಗಾದ ಹಾಲಾಗಿ ತಪ್ಪಿಸಿಕೊಂಡು ಹೋಗುತ್ತಿದ್ದದ್ದು ಏನೆಂದು ಅವಳಿಗೆ ಈಗ ತಿಳಿಯಿತು. ನಾಲ್ಕು ವರ್ಷ ಇವಳು ಇದನ್ನು ಒಬ್ಬಳೇ ಹೊತ್ತಿದ್ದಳು. ಎತ್ತಿ ತೊಡೆಯ ಮೇಲೆ ಕೂರಿಸಿಕೊಳ್ಳಬೇಕೆನ್ನಿಸಿತು. ಆದರೆ ಹುಡುಗಿಯ ಬೆನ್ನು ನೆಟ್ಟಗಾಗಿತ್ತು, ಗಲ್ಲ ಮೇಲೆದ್ದಿತ್ತು. ಅದು ಈ ಮನೆಯಲ್ಲಿ ಯಾರಿಂದ ಬಂದ ಗಲ್ಲವೆಂದು ತಾಯಿಗೆ ಚೆನ್ನಾಗಿ ಗೊತ್ತಿತ್ತು. ನಡುವೆ ಬಾಯಿ ಹಾಕದೆ ಕಾದಳು.

ಅವನು ಚಮಚ ಪಕ್ಕಕ್ಕಿಟ್ಟು, ಕುರ್ಚಿಯನ್ನು ಜೀರುಂಡೆಯ ಕಡೆಗೆ ತಿರುಗಿಸಿಕೊಂಡ. ಹಲಗೆಗೆ ಕಿವಿ ಇಡುವಾಗ ಇರುತ್ತಿದ್ದ ಅದೇ ಮುಖ, ಈ ಸಲ ಕಣ್ಣು ಮಾತ್ರ ತೆರೆದಿತ್ತು.

"ಕೇಳು," ಅಂದ.

ಜೀರುಂಡೆ ಅವನ ಕಡೆ ತಿರುಗಿದಳು. "ಅಮ್ಮ ಕೆಲಸಕ್ಕೆ ಕೂತ್ರೆ ಮೂರು ಸಲ ಕರೆದ್ರೂ ಕೇಳಿಸಲ್ಲ. ಬೇಳೆ ಸೀದುಹೋಗುತ್ತೆ. ನಾನೂ ಒಂದೊಂದು ಸಲ ಸುಮ್ ಸುಮ್ನೆ ಜಗಳ ಆಡ್ತೀನಿ. ಅಂಥ ದಿನ ಕೂಡ, ನೀವು ಪೆಟ್ಟಿಗೆ ಕಟ್ಕೊಂಡು ಹೋಗ್ದೆ, ಇಲ್ಲೇ ಇರ್ತೀರಾ?"